ಕಸ ಬೇರೆಯಾಗಬೇಕಾದದ್ದು ಗೇಟಿನಲ್ಲಲ್ಲ, ಮೋರಿಯಲ್ಲಿ



ನಮ್ಮ ಈ ಪತ್ರಿಕೆಯಲ್ಲಿ ಲೈಸೆನ್ಸು, ಜಿಎಸ್‌ಟಿ, ಗ್ಯಾಸಿನ ದರ, ಕೆಲಸದವರ ಕೊರತೆ ಎಂದು ಎಷ್ಟೋ ವಿಷಯ ಬಂದಿದೆ. ಕಸದ ಬಗ್ಗೆ ಬರೆಯಲು ಮಾತ್ರ ಯಾರಿಗೂ ಉತ್ಸಾಹ ಇದ್ದಂತಿಲ್ಲ. ಅದೇನು ಬರೆಯುವ ವಿಷಯವೇ ಎಂದು ನಾನೂ ಅಂದುಕೊಂಡಿದ್ದೆ. ನಾನು ಬರಹಗಾರನಲ್ಲ. ಹತ್ತನೇ ಕ್ಲಾಸು ಮುಗಿಸಿ ಕುಂದಾಪುರದ ಕಡೆಯಿಂದ ಪುಣೆಗೆ ಬಂದು, ಮೊದಲು ಮೋರಿಯಲ್ಲಿ ಪ್ಲೇಟು ತೊಳೆದು, ಆಮೇಲೆ ಟೇಬಲ್ ಒರೆಸಿ, ವೇಟರ್ ಆಗಿ, ಕೊನೆಗೆ ದೇವರ ದಯದಿಂದ ಸ್ವಂತ ಗಲ್ಲಾದಲ್ಲಿ ಕೂತವನು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನಾಲ್ಕು ವರ್ಷದ ಹಿಂದಿನ ಒಂದು ಬೆಳಗ್ಗೆ, ತಿಂಡಿಯ ರಶ್ ಮುಗಿಯುವ ಹೊತ್ತು. ನಮ್ಮ ಹಿಂದಿನ ಗೇಟಿನಿಂದ ಒಣ ಕಸ ಒಯ್ಯುವ ಹೆಂಗಸು, ನಮ್ಮ ಹುಡುಗರೆಲ್ಲ ಮಾವ್‌ಶಿ ಎಂದು ಕರೆಯುವವರು, ಚೀಲ ಎತ್ತಿದ್ದೇ ತಡ ಕೂಗಿಕೊಂಡರು. ಹೋಗಿ ನೋಡಿದರೆ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಹಿಂದಿನ ರಾತ್ರಿ ಒಡೆದ ಗ್ಲಾಸಿನ ಚೂರು, ಸಾಂಬಾರ್ ಮೆತ್ತಿದ ಟಿಶ್ಯೂ ಪೇಪರಿನ ನಡುವೆ ಅಡಗಿತ್ತು. ರಿಕ್ಷಾದಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆ. ಆರು ಹೊಲಿಗೆ, ಮೇಲೆ ಧನುರ್ವಾಯುವಿನ ಇಂಜೆಕ್ಷನ್. ಹನ್ನೆರಡು ದಿನ ಅವರು ಕೆಲಸಕ್ಕೆ ಬರಲಿಲ್ಲ. ಬಾರದ ದಿನ ಅವರಿಗೆ ಸಂಪಾದನೆಯೂ ಇಲ್ಲ. ಔಷಧಿಯ ಖರ್ಚನ್ನೂ ಆ ದಿನಗಳ ಹಣವನ್ನೂ ನಾನು ಕೊಟ್ಟೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ತಪ್ಪು ನಮ್ಮದೇ ಆಗಿತ್ತು.

ಹದಿಮೂರನೇ ದಿನ ಅವರು ಬಂದು ಹೇಳಿದ ಮಾತು ಇಷ್ಟೇ: “ಸೇಠ್, ಕಸ ಎತ್ತುವುದು ನನ್ನ ಕೆಲಸ, ಅದಕ್ಕೆ ಬೇಜಾರಿಲ್ಲ. ಆದರೆ ಚೀಲದೊಳಗೆ ಏನಿದೆ ಎಂದು ನನಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ.”

ನನಗೆ ನಾಚಿಕೆಯಾಯಿತು. ಯಾಕೆಂದರೆ ಚೀಲದೊಳಗೆ ಏನಿದೆ ಎಂದು ನನಗೂ ಗೊತ್ತಿರಲಿಲ್ಲ.

ಬಣ್ಣದ ಡಬ್ಬಿ ಇಟ್ಟ ಮಾತ್ರಕ್ಕೆ ಆಗಲಿಲ್ಲ

ನಮ್ಮಲ್ಲಿ ಡಬ್ಬಿ ಇರಲಿಲ್ಲ ಎಂದಲ್ಲ. ಗೇಟಿನ ಹತ್ತಿರ ಹಸಿರು ಡಬ್ಬಿ ಒಂದು, ನೀಲಿ ಡಬ್ಬಿ ಒಂದು ಇತ್ತು. ಪಾಲಿಕೆಯವರು ಬಂದರೆ ತೋರಿಸುತ್ತಿದ್ದೆವು. ಆದರೆ ಒಳಗೆ ನಡೆಯುತ್ತಿದ್ದದ್ದು ಬೇರೆ. ಮೋರಿಯ ಪಕ್ಕ ಒಂದೇ ದೊಡ್ಡ ಡ್ರಮ್. ಅದಕ್ಕೆ ಪ್ಲೇಟಿನ ಎಂಜಲು, ಟಿಶ್ಯೂ, ಸ್ಟ್ರಾ, ಕೆಚಪ್ಪಿನ ಪ್ಯಾಕೆಟ್, ಹಾಲಿನ ಪಾಕೀಟು, ಒಡೆದ ಕಪ್ಪು ಎಲ್ಲವೂ ಬೀಳುತ್ತಿತ್ತು. ರಾತ್ರಿ ಹನ್ನೊಂದಕ್ಕೆ, ಬೆಳಗ್ಗೆಯಿಂದ ನಿಂತು ಕಾಲು ಸೋತ ಒಬ್ಬ ಹುಡುಗ ಗೇಟಿನ ಹತ್ತಿರ ಕೂತು ಅದನ್ನು ಎರಡು ಭಾಗ ಮಾಡುತ್ತಿದ್ದ. ಮಾಡುತ್ತಿದ್ದ ಎನ್ನುವುದಕ್ಕಿಂತ ಮೇಲಿನ ನಾಲ್ಕು ಪ್ಲಾಸ್ಟಿಕ್ ಎತ್ತಿ ನೀಲಿಗೆ ಹಾಕಿ, ಉಳಿದದ್ದನ್ನು ಹಸಿರಿಗೆ ಸುರಿಯುತ್ತಿದ್ದ ಎನ್ನಬೇಕು. ಅವನನ್ನು ಬೈದು ಪ್ರಯೋಜನವಿಲ್ಲ. ಹಾಲಿಗೆ ಬಿದ್ದ ಉಪ್ಪನ್ನು ಆಮೇಲೆ ತೆಗೆಯಲು ಬರುತ್ತದೆಯೇ?

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇದೊಂದೇ. ಕಸ ಬೇರ್ಪಡಿಸುವುದು ಎಂದರೆ ಸೇರಿದ ಕಸವನ್ನು ಆಮೇಲೆ ಬಿಡಿಸುವುದಲ್ಲ, ಸೇರದಂತೆ ನೋಡಿಕೊಳ್ಳುವುದು. ಅದು ಕಸ ಹುಟ್ಟುವ ಜಾಗದಲ್ಲಿ, ಹುಟ್ಟುವ ಕ್ಷಣದಲ್ಲಿ ಆಗಬೇಕು. ಗೇಟಿನಲ್ಲಿ ಮಾಡಹೊರಟರೆ ಅದು ತೋರಿಕೆ ಮಾತ್ರ.

ಗೇಟಿನಿಂದ ಮುಂದೆ ಕಸ ಎಲ್ಲಿಗೆ ಹೋಗುತ್ತದೆ?

ಗಾಡಿ ಹೋದ ಮೇಲೆ ಕಸ ನಮ್ಮದಲ್ಲ ಎಂದು ನಾವು ತಿಳಿಯುತ್ತೇವೆ. ಮಾವ್‌ಶಿಯ ಘಟನೆಯಾದ ಮೇಲೆ ನಾನು ವಿಚಾರಿಸಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಪುಣೆಯಲ್ಲಿ ಮನೆ ಮನೆಯ ಕಸ ಒಯ್ಯುವವರಲ್ಲಿ ಬಹಳ ಮಂದಿ ‘ಸ್ವಚ್ಛ್’ ಎಂಬ ಸಹಕಾರಿ ಸಂಸ್ಥೆಯ ಸದಸ್ಯರು. ಬೀದಿಯಲ್ಲಿ ಕಸ ಆಯುತ್ತಿದ್ದವರೆಲ್ಲ ಸೇರಿ ೧೯೯೩ರಲ್ಲಿ ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆ ಕಟ್ಟಿಕೊಂಡರು. ಅದರಿಂದ ಹುಟ್ಟಿದ ‘ಸ್ವಚ್ಛ್’ ೨೦೦೮ರಲ್ಲಿ ಪುಣೆ ಮಹಾನಗರ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರು. ಅವರ ಸಂಪಾದನೆಗೆ ಎರಡು ದಾರಿ. ಒಂದು, ಪ್ರತಿ ಮನೆ ಅಂಗಡಿಯಿಂದ ಬರುವ ತಿಂಗಳ ಶುಲ್ಕ. ಇನ್ನೊಂದು, ಒಣ ಕಸದಲ್ಲಿ ಸಿಗುವ ಕಾಗದ, ಪ್ಲಾಸ್ಟಿಕ್, ಲೋಹ ಇವನ್ನು ಆಯ್ದು ಭಂಗಾರದ ಅಂಗಡಿಗೆ ಮಾರಿ ಬರುವ ಹಣ. ಸಾಂಬಾರ್ ಮೆತ್ತಿದ ಕಾಗದವನ್ನು ಯಾರೂ ಕೊಳ್ಳುವುದಿಲ್ಲ. ಮೊಸರು ಅಂಟಿದ ಪ್ಲಾಸ್ಟಿಕ್ಕಿಗೆ ಅರ್ಧ ಬೆಲೆಯೂ ಬರುವುದಿಲ್ಲ. ಅಂದರೆ ನಾವು ಮಿಶ್ರ ಮಾಡಿ ಕೊಟ್ಟ ದಿನ ಅವರ ಕೈ ಕೊಯ್ಯದಿದ್ದರೂ ಸಂಪಾದನೆಗೆ ಕತ್ತರಿ ಬಿದ್ದಿರುತ್ತದೆ.

ಹಸಿ ಕಸದ ದಾರಿ ಬೇರೆ. ಹೋಟೆಲಿನ ಹಸಿ ಕಸಕ್ಕೆ ಇಲ್ಲಿ ಪ್ರತ್ಯೇಕ ಗಾಡಿ ಬರುತ್ತದೆ. ಅದು ಗೊಬ್ಬರಕ್ಕೆ ಇಲ್ಲವೇ ಬಯೋಗ್ಯಾಸಿಗೆ ಹೋಗಬೇಕು. ಬಯೋಗ್ಯಾಸ್ ಎಂದರೆ ನಮ್ಮೂರಿನ ಗೋಬರ್ ಗ್ಯಾಸಿನ ದೊಡ್ಡ ರೂಪ. ಎಂಜಲು, ಸಿಪ್ಪೆ ಎಲ್ಲವನ್ನೂ ನಮ್ಮ ವೆಟ್ ಗ್ರೈಂಡರಿನಲ್ಲಿ ಹಿಟ್ಟು ರುಬ್ಬಿದಂತೆ ನೀರು ಹಾಕಿ ಅರೆಯುತ್ತಾರೆ. ಗಾಳಿಯಾಡದ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ತಿಂದು ಮೀಥೇನ್ ಗ್ಯಾಸು ಬಿಡುತ್ತವೆ. ಉಳಿದ ರಾಡಿ ಗೊಬ್ಬರ. ಅರೆಯುವ ಯಂತ್ರಕ್ಕೆ ಒಂದು ಸ್ಟೀಲ್ ಚಮಚ ಹೋದರೆ ಬ್ಲೇಡು ಹಾಳು, ಪ್ಲಾಸ್ಟಿಕ್ ಹೋದರೆ ಪಂಪು ಕಟ್ಟಿಕೊಳ್ಳುತ್ತದೆ. ಹಾಗಾಗಿ ಮಿಶ್ರ ಕಸದ ಗಾಡಿ ಬಂದರೆ ಅದನ್ನು ಟ್ಯಾಂಕಿಗೆ ಹಾಕುವಂತಿಲ್ಲ, ಡಂಪಿಂಗ್ ಗ್ರೌಂಡಿಗೆ ಕಳಿಸಬೇಕು. ಹತ್ತು ಹೋಟೆಲಿನವರು ಶುದ್ಧವಾಗಿ ಕೊಟ್ಟು ಹನ್ನೊಂದನೆಯವನು ಮಿಶ್ರ ಮಾಡಿ ಕೊಟ್ಟರೆ ಉಳಿದ ಹತ್ತು ಮಂದಿಯ ಶ್ರಮವೂ ಅದೇ ಗಾಡಿಯಲ್ಲಿ ಕೆಡುತ್ತದೆ.

ಸರಿಯಾಗಿ ಬೇರ್ಪಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂದೋರ್ ನಗರ ಉದಾಹರಣೆ. ಅಲ್ಲಿ ೨೦೨೨ರ ಫೆಬ್ರವರಿಯಲ್ಲಿ ಆರಂಭವಾದ ಘಟಕ ದಿನಕ್ಕೆ ೫೫೦ ಟನ್ ಹಸಿ ಕಸದಿಂದ ಸುಮಾರು ೧೭,೦೦೦ ಕಿಲೋ ಸಿಎನ್‌ಜಿ ತಯಾರಿಸುವಷ್ಟು ದೊಡ್ಡದು. ಮನೆ ಮನೆಯಲ್ಲಿ ಕಸ ಬೇರೆಯಾಗುವುದರಿಂದಲೇ ಅಲ್ಲಿ ಇದು ಸಾಧ್ಯವಾಗಿದೆ.

ಡಂಪಿಂಗ್ ಗ್ರೌಂಡಿಗೆ ಹೋದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆಯುವ ಹಸಿ ಕಸ ಅದೇ ಮೀಥೇನ್ ಬಿಡುತ್ತದೆ. ಆದರೆ ಅಲ್ಲಿ ಅದು ಒಲೆಗೆ ಬರುವುದಿಲ್ಲ, ಬೆಂಕಿಗೆ ದಾರಿ ಮಾಡುತ್ತದೆ. ಮುಂಬಯಿಯ ದೇವನಾರ್ ೧೯೨೭ರಿಂದ ಕಸ ಬೀಳುತ್ತಿರುವ ಜಾಗ. ೨೦೧೬ರ ಜನವರಿಯಲ್ಲಿ ಅಲ್ಲಿ ಹತ್ತಿದ ಬೆಂಕಿಯ ಹೊಗೆ ದಿನಗಟ್ಟಲೆ ಊರನ್ನು ಮುಸುಕಿದ್ದು ಅಲ್ಲಿನ ಬಂಧುಗಳಿಗೆ ನೆನಪಿರಬಹುದು. ದೆಹಲಿಯ ಗಾಜಿಪುರದಲ್ಲಿ ೨೦೧೭ರ ಸೆಪ್ಟೆಂಬರಿನಲ್ಲಿ ಕಸದ ಗುಡ್ಡವೇ ಕುಸಿದು ಇಬ್ಬರು ಸತ್ತರು. ಪುಣೆಯ ಕಸ ವರ್ಷಗಟ್ಟಲೆ ಬಿದ್ದ ಉರುಳಿ ದೇವಾಚಿ, ಫುರ್‌ಸುಂಗಿ ಗ್ರಾಮದವರು ಬಾವಿಯ ನೀರು ಕೆಟ್ಟಿತೆಂದು ಎಷ್ಟೋ ಸಲ ಗಾಡಿ ತಡೆದು ಕೂತಿದ್ದಾರೆ. ಚೆನ್ನೈಯ ಪೆರುಂಗುಡಿ, ಕೊಡುಂಗೈಯೂರು, ಹೈದರಾಬಾದಿನ ಜವಾಹರ್ ನಗರದ ಪಕ್ಕದಲ್ಲಿ ಬದುಕುವವರ ಗೋಳೂ ಇದೇ. ನಾವು ಅನ್ನ ಕೊಡುವ ವೃತ್ತಿಯವರು. ನಮ್ಮ ಎಂಜಲು ಇನ್ನೊಬ್ಬರ ಬಾವಿಗೆ ಹೋಗುವುದು ಒಳ್ಳೆಯದಲ್ಲ.

ಕಾನೂನು ಏನನ್ನುತ್ತದೆ?

ನಗರದ ಘನ ತ್ಯಾಜ್ಯಕ್ಕೆ ಕೇಂದ್ರ ಸರಕಾರ ಮೊದಲು ೨೦೦೦ದಲ್ಲಿ ನಿಯಮ ಮಾಡಿತು. ೨೦೧೬ರ ಏಪ್ರಿಲಿನಲ್ಲಿ ಬಂದ ನಿಯಮದಲ್ಲಿ ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ವಿಭಾಗ ಮಾಡಿ, ಹೋಟೆಲು ರೆಸ್ಟೋರೆಂಟುಗಳು ಹುಟ್ಟುವ ಜಾಗದಲ್ಲೇ ಬೇರ್ಪಡಿಸಿ ಕೊಡಬೇಕೆಂದು ಸ್ಪಷ್ಟವಾಗಿ ಬರೆಯಲಾಯಿತು. ಕಸವನ್ನು ರಸ್ತೆಗೆ, ಗಟಾರಕ್ಕೆ ಹಾಕುವುದನ್ನೂ ಸುಡುವುದನ್ನೂ ನಿಷೇಧಿಸಲಾಯಿತು. ೨೦೨೬ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮ ಇದರ ಜಾಗಕ್ಕೆ ಬಂದಿದೆ. ಅದರ ಜಾರಿಯ ದಿನಾಂಕ ೨೦೨೬ರ ಏಪ್ರಿಲ್ ೧. ಇದರಲ್ಲಿ ವಿಭಾಗಗಳು ನಾಲ್ಕು:

೧. ಹಸಿ ಕಸ: ಕೊಳೆಯುವಂಥದ್ದು.
೨. ಒಣ ಕಸ: ಕಾಗದ, ಪ್ಲಾಸ್ಟಿಕ್, ಲೋಹ, ಗಾಜು ಮುಂತಾದವು.
೩. ಸ್ಯಾನಿಟರಿ ಕಸ: ಪ್ಯಾಡು, ಡೈಪರ್ ಇತ್ಯಾದಿ.
೪. ವಿಶೇಷ ಎಚ್ಚರಿಕೆಯ ಕಸ: ಬಣ್ಣದ ಡಬ್ಬಿ, ಬಲ್ಬು, ಥರ್ಮಾಮೀಟರ್, ಹಳೆಯ ಔಷಧಿ ಮುಂತಾದವು.

ದಿನಕ್ಕೆ ೧೦೦ ಕಿಲೋ ಅಥವಾ ಹೆಚ್ಚು ಕಸ ಹುಟ್ಟುವ ಜಾಗ ‘ದೊಡ್ಡ ಪ್ರಮಾಣದ ಕಸ ಉತ್ಪಾದಕ’ ಎಂಬ ಲೆಕ್ಕಕ್ಕೆ ಬರುತ್ತದೆ. ೨೦,೦೦೦ ಚದರ ಮೀಟರ್ ಅಥವಾ ಹೆಚ್ಚಿನ ಕಟ್ಟಡ, ದಿನಕ್ಕೆ ೪೦,೦೦೦ ಲೀಟರ್ ಅಥವಾ ಹೆಚ್ಚು ನೀರು ಬಳಸುವ ಸಂಸ್ಥೆಯೂ ಇದರಲ್ಲಿ ಸೇರುತ್ತದೆ. ಇಂಥವರು ಹಸಿ ಕಸವನ್ನು ಆದಷ್ಟು ಮಟ್ಟಿಗೆ ತಮ್ಮ ಜಾಗದಲ್ಲೇ ಸಂಸ್ಕರಿಸಬೇಕು. ಆಗದಿದ್ದರೆ ಅದಕ್ಕೆ ಬದಲಿಯಾಗಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ದಂಡ, ಶುಲ್ಕ, ಗಾಡಿಯ ಸಮಯ ಊರಿಂದ ಊರಿಗೆ ಬೇರೆ. ನಿಮ್ಮ ವಾರ್ಡ್ ಆಫೀಸಿನಲ್ಲಿ ಕೇಳಿ, ಆದರೆ ಬರಹದಲ್ಲಿ ತೆಗೆದುಕೊಳ್ಳಿ.

ಮೊದಲು ಒಂದು ವಾರ ತೂಕ ಮಾಡಿ

೧೦೦ ಕಿಲೋದ ಮೇಲೆಯೋ ಕೆಳಗೆಯೋ ಎಂದು ಅಂದಾಜಿನಲ್ಲಿ ಹೇಳಬೇಡಿ. ತರಕಾರಿ ತೂಗುವ ಕಾಟಾ ಎಲ್ಲರಲ್ಲೂ ಇದೆ. ನಾನು ಏಳು ದಿನ ತೂಗಿಸಿ ನೋಟ್‌ಬುಕ್ಕಿನಲ್ಲಿ ಬರೆಸಿದೆ. ನಮ್ಮದು ಅರವತ್ತು ಸೀಟಿನ ಸಸ್ಯಾಹಾರಿ ಹೋಟೆಲು. ವಾರದ ದಿನಗಳಲ್ಲಿ ೭೦ ಕಿಲೋದ ಆಸುಪಾಸು, ಭಾನುವಾರ ೧೧೦ ದಾಟಿತು, ಸರಾಸರಿ ೮೦ರ ಒಳಗೆ ನಿಂತಿತು.

ತೂಕದಿಂದ ಇನ್ನೊಂದು ಉಪಕಾರವಾಯಿತು. ಎಂಜಲನ್ನು ಪ್ರತ್ಯೇಕ ತೂಗಿದಾಗ ದಿನಕ್ಕೆ ಇಪ್ಪತ್ತು ಕಿಲೋಕ್ಕಿಂತ ಹೆಚ್ಚು ಬಂತು. ನೋಡಿದರೆ ಮುಕ್ಕಾಲು ಭಾಗ ಚಟ್ನಿ ಮತ್ತು ಸಾಂಬಾರ್. ನಾವೇ ದೊಡ್ಡ ಬಟ್ಟಲು ತುಂಬಿಸಿ ಕೊಡುತ್ತಿದ್ದೆವು, ಗಿರಾಕಿ ಅರ್ಧ ಬಿಡುತ್ತಿದ್ದರು. ಬಟ್ಟಲು ಸಣ್ಣದು ಮಾಡಿ, ಕೇಳಿದರೆ ಎಷ್ಟು ಸಲವಾದರೂ ಹಾಕಿ ಎಂದು ವೇಟರಿಗೆ ಹೇಳಿದೆ. ಒಬ್ಬ ಗಿರಾಕಿಯೂ ಗೊಣಗಲಿಲ್ಲ. ತೆಂಗಿನಕಾಯಿಯ ಈಗಿನ ದರದಲ್ಲಿ ಇದು ಸಣ್ಣ ಉಳಿತಾಯವಲ್ಲ.

ಕಸ ಹುಟ್ಟುವ ಐದು ಜಾಗ

ಹೋಟೆಲಿನಲ್ಲಿ ಕಸ ಎಲ್ಲೆಲ್ಲೂ ಹುಟ್ಟುವುದಿಲ್ಲ. ಲೆಕ್ಕ ಹಾಕಿದರೆ ಐದೇ ಜಾಗ. ಆ ಐದು ಕಡೆ ವ್ಯವಸ್ಥೆ ಮಾಡಿದರೆ ಗೇಟಿನಲ್ಲಿ ಮಾಡುವ ಕೆಲಸ ಉಳಿಯುವುದಿಲ್ಲ.

ಮೊದಲನೆಯದು ತರಕಾರಿ ಹೆಚ್ಚುವ ಜಾಗ. ಇಲ್ಲಿ ಹುಟ್ಟುವುದು ಪೂರಾ ಹಸಿ ಕಸ. ಇದರಲ್ಲಿ ಸೇರುವ ಶತ್ರು ಎಂದರೆ ರಬ್ಬರ್ ಬ್ಯಾಂಡು, ಕೊತ್ತಂಬರಿ ಕಟ್ಟಿದ ದಾರ, ಈರುಳ್ಳಿ ಚೀಲದ ನೂಲು. ಗೋಡೆಗೆ ಒಂದು ಮೊಳೆ ಹೊಡೆದು ಸಣ್ಣ ಡಬ್ಬಿ ತೂಗುಹಾಕಿದೆ. ಕಟ್ಟು ಬಿಚ್ಚಿದ ಕೂಡಲೇ ದಾರ ಅದಕ್ಕೆ ಹೋಗಬೇಕು.

ಎರಡನೆಯದು ಭಟ್ಟಿ ಮತ್ತು ಸ್ಟೋರ್. ಹಾಲಿನ ಪಾಕೀಟು, ಎಣ್ಣೆಯ ಪೌಚು, ಮಸಾಲೆಯ ಪ್ಯಾಕೆಟ್, ರಟ್ಟು ಇಲ್ಲಿಯವು. ಹಾಲಿನ ಪಾಕೀಟನ್ನು ಕತ್ತರಿಸುವಾಗ ಮೂಲೆಯ ತುಂಡು ಪೂರ್ತಿ ಕತ್ತರಿಸಿ ಬೀಳದಂತೆ, ಪಾಕೀಟಿಗೆ ಅಂಟಿಕೊಂಡೇ ಇರುವಂತೆ ಕತ್ತರಿಸಬೇಕು. ಆ ಚಿಕ್ಕ ತುಂಡನ್ನು ಯಾರೂ ಆಯುವುದಿಲ್ಲ, ಅದು ಮೋರಿಗೋ ಹಸಿ ಕಸಕ್ಕೋ ಹೋಗುತ್ತದೆ. ಖಾಲಿ ಪಾಕೀಟನ್ನು ಪಾತ್ರೆ ತೊಳೆದ ಎರಡನೇ ನೀರಿನಲ್ಲಿ ಒಮ್ಮೆ ಅಲುಗಿಸಿ ತಂತಿಗೆ ಸಿಕ್ಕಿಸಿದರೆ ಸಾಕು, ವಾಸನೆಯೂ ಇಲ್ಲ, ಬೆಲೆಯೂ ಉಂಟು.

ಮೂರನೆಯದು ಮೋರಿ. ಯುದ್ಧ ಇರುವುದೇ ಇಲ್ಲಿ. ಎರಡು ಕೈಯಲ್ಲಿ ಎಂಟು ಪ್ಲೇಟು ಹಿಡಿದು ಬರುವ ಹುಡುಗನಿಗೆ ಡಬ್ಬಿಯ ಮುಚ್ಚಳ ತೆಗೆಯಲು ಮೂರನೇ ಕೈ ಇಲ್ಲ. ಮೊದಲು ಇದನ್ನು ತಿಳಿಯದೆ ಮುಚ್ಚಳದ ಡಬ್ಬಿ ಇಟ್ಟು ನಾನು ಸೋತೆ. ಈಗ ಮೋರಿಗೆ ಮೊದಲು ಒಂದು ಸ್ಟೀಲ್ ಟೇಬಲ್ ಇದೆ. ಅದರ ನಡುವೆ ಒಂದು ತೂತು, ತೂತಿನ ಕೆಳಗೆ ಹಸಿ ಕಸದ ಡಬ್ಬಿ. ಎಡಗಡೆ ತೆರೆದ ಬುಟ್ಟಿ ಟಿಶ್ಯೂ, ಸ್ಟ್ರಾ, ಪ್ಯಾಕೆಟ್ಟಿಗೆ. ಪ್ಲೇಟು ಟೇಬಲಿನ ಮೇಲೆ ಇಟ್ಟು ಮೊದಲು ಒಣದ್ದನ್ನು ಎಡಕ್ಕೆ, ಆಮೇಲೆ ಎಂಜಲನ್ನು ತೂತಿಗೆ. ಎರಡು ಸೆಕೆಂಡಿನ ಕೆಲಸ. ಮೋರಿಯ ಬಾಯಿಗೆ ಜಾಲರಿ ಹಾಕಿದ್ದೇವೆ, ಜಾರಿದ ಅನ್ನದ ಅಗುಳು ಅಲ್ಲಿ ನಿಲ್ಲುತ್ತದೆ. ಹಸಿ ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲ ಹಾಕುವುದಿಲ್ಲ, ಗಾಡಿಗೆ ಡಬ್ಬಿಯನ್ನೇ ಮಗುಚುತ್ತೇವೆ. ಚೀಲ ಕಟ್ಟಿ ಕೊಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ನಾಲ್ಕನೆಯದು ಪಾರ್ಸೆಲ್ ಕೌಂಟರ್. ಇಲ್ಲಿ ರಟ್ಟು, ಟೇಪು, ಬಿಲ್ಲಿನ ಕಾಗದ. ನೂರಕ್ಕೆ ನೂರು ಒಣ ಕಸ. ಇಲ್ಲಿ ಕಸ ಬೇರ್ಪಡಿಸುವುದಕ್ಕಿಂತ ಕಸ ಕಡಿಮೆ ಮಾಡುವುದು ಮುಖ್ಯ. ಪ್ಲಾಸ್ಟಿಕ್ ಚಮಚ, ಸ್ಟ್ರಾ, ತಟ್ಟೆ, ಲೋಟ ಮುಂತಾದವು ದೇಶದಾದ್ಯಂತ ೨೦೨೨ರ ಜುಲೈ ೧ರಿಂದ ನಿಷಿದ್ಧ ಎಂಬುದನ್ನು ನೆನಪಿಡಿ. ಮಹಾರಾಷ್ಟ್ರದಲ್ಲಿ ೨೦೧೮ರಲ್ಲೇ ನಿಷೇಧ ಬಂದಿತ್ತು.

ಐದನೆಯದು ಕೆಲಸದವರ ರೂಮು ಮತ್ತು ಟಾಯ್ಲೆಟ್. ಇದನ್ನು ಎಲ್ಲರೂ ಮರೆಯುತ್ತಾರೆ. ಶೇವಿಂಗ್ ಬ್ಲೇಡು, ಗುಟ್ಕಾ ಪ್ಯಾಕೆಟ್, ಹಳೆಯ ಮಾತ್ರೆ, ಸೊಳ್ಳೆಯ ಲಿಕ್ವಿಡ್ ಇಲ್ಲಿಂದ ಬಂದು ಕಸಕ್ಕೆ ಸೇರುತ್ತವೆ. ಬ್ಲೇಡಿಗೆ ಒಂದು ಮುಚ್ಚಳದ ತಗಡಿನ ಡಬ್ಬಿ ಇಡಿ. ಹೆಂಗಸರ ಟಾಯ್ಲೆಟ್ಟಿನಲ್ಲಿ ಮುಚ್ಚಳದ ಪ್ರತ್ಯೇಕ ಡಬ್ಬಿ ಕಡ್ಡಾಯ ಇರಲಿ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ ಕೊಡುವ ಪದ್ಧತಿಯನ್ನು ಪುಣೆಯಲ್ಲಿ ಕಸ ಒಯ್ಯುವ ಹೆಂಗಸರು ಪ್ರಚಾರ ಮಾಡಿದ್ದಾರೆ. ಚುಕ್ಕೆ ನೋಡಿದರೆ ಅವರು ಬಿಚ್ಚುವುದಿಲ್ಲ.

ಸಂಶಯ ಬರುವ ವಸ್ತುಗಳು

ಒಡೆದ ಗಾಜು, ಪಿಂಗಾಣಿ: ಯಾವ ಡಬ್ಬಿಗೂ ಹಾಕಬೇಡಿ. ಮೋರಿಯ ಪಕ್ಕ ಒಂದು ಗಟ್ಟಿ ರಟ್ಟಿನ ಪೆಟ್ಟಿಗೆ ಅಥವಾ ಖಾಲಿ ಎಣ್ಣೆ ಟಿನ್ ಇಡಿ. ತುಂಬಿದ ಮೇಲೆ ಟೇಪು ಸುತ್ತಿ, ‘ಕಾಚ್’ ಎಂದು ಬರೆದು, ಕೈಯಲ್ಲಿ ಕೊಟ್ಟು ಹೇಳಿ.

ಚಹಾ ಪುಡಿಯ ಚರಟ, ಕಾಫಿ ಗಸಿ: ಹಸಿ. ಆದರೆ ನೀರು ಸೋಸಿ ಹಾಕಿ. ಹಸಿ ಕಸದಲ್ಲಿ ನೀರು ಕಡಿಮೆಯಾದಷ್ಟೂ ವಾಸನೆ, ನೊಣ ಕಡಿಮೆ.

ಬಾಳೆ ಎಲೆ: ಹಸಿ. ಉದ್ದಕ್ಕೆ ಹಾಗೇ ಹಾಕಿದರೆ ಅದರ ನಾರು ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ, ನಾಲ್ಕು ತುಂಡು ಮಾಡಿ.

ತೆಂಗಿನ ಕರಟ: ಕೊಳೆಯಲು ಬಹಳ ಕಾಲ ಬೇಕು. ಪ್ರತ್ಯೇಕ ಚೀಲದಲ್ಲಿ ಇಡಿ, ಕೇಳಿ ಒಯ್ಯುವವರು ಇದ್ದೇ ಇರುತ್ತಾರೆ.

ಪೇಪರ್ ಕಪ್ಪು: ಹೆಸರು ಪೇಪರ್, ಒಳಗೆ ಪ್ಲಾಸ್ಟಿಕ್ಕಿನ ಪದರ. ಒಣ ಕಸ.

ಎಂಜಲು ಮೆತ್ತಿದ ಟಿಶ್ಯೂ: ಇದನ್ನು ಯಾರೂ ಕೊಳ್ಳುವುದಿಲ್ಲ. ನಮ್ಮ ಗಾಡಿಯವರು ಹಸಿಯಲ್ಲಿ ತೆಗೆದುಕೊಳ್ಳುತ್ತಾರೆ. ನಿಮ್ಮ ಗಾಡಿಯವರನ್ನು ಒಮ್ಮೆ ಕೇಳಿ ಒಂದೇ ರೂಢಿ ಮಾಡಿಕೊಳ್ಳಿ.

ಟ್ಯೂಬ್‌ಲೈಟ್, ಬ್ಯಾಟರಿ ಸೆಲ್, ಫಿನಾಯಿಲ್ ಆ್ಯಸಿಡ್ ಡಬ್ಬಿ: ಪ್ರತ್ಯೇಕ ಪೆಟ್ಟಿಗೆ. ಎರಡು ತಿಂಗಳಿಗೊಮ್ಮೆ ತುಂಬಿದರೆ ಹೆಚ್ಚು.

ಉಳಿದ ಒಳ್ಳೆಯ ಅನ್ನ, ಪಲ್ಯ: ಇದು ಕಸವೇ ಅಲ್ಲ. ಹಳಸುವ ಮೊದಲು ಉಣ್ಣುವವರಿಗೆ ತಲುಪಿಸಿ.

ಕರಿದ ಎಣ್ಣೆಯ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ವಡೆ ಬಜ್ಜಿ ಕರಿದು ಕಪ್ಪಾದ ಎಣ್ಣೆಯನ್ನು ಮೋರಿಗೆ ಸುರಿದರೆ ಪೈಪಿನಲ್ಲಿ ತಣಿದು ತುಪ್ಪದಂತೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಗಟಾರ ಉಕ್ಕಿ ನಮ್ಮದೇ ಬಾಗಿಲಿಗೆ ಬರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ೨೦೧೮ರ ಜುಲೈ ೧ರಿಂದ, ಎಣ್ಣೆಯಲ್ಲಿ ಕೆಟ್ಟ ಅಂಶ, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್, ಶೇಕಡಾ ೨೫ ದಾಟಿದರೆ ಅದನ್ನು ಮತ್ತೆ ಬಳಸುವಂತಿಲ್ಲ. ದಿನಕ್ಕೆ ೫೦ ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ೨೦೧೯ರ ಮಾರ್ಚ್ ೧ರಿಂದ ಅದರ ಲೆಕ್ಕ ಇಡಬೇಕು, ಅಧಿಕೃತ ಸಂಗ್ರಾಹಕರಿಗೇ ಕೊಡಬೇಕು. ಅದರಿಂದ ಬಯೋಡೀಸೆಲ್ ಆಗುತ್ತದೆ, ನಮಗೆ ಕಿಲೋ ಲೆಕ್ಕದಲ್ಲಿ ಹಣವೂ ಬರುತ್ತದೆ. ಗುರುತಿಲ್ಲದವರು ನಾಲ್ಕು ರೂಪಾಯಿ ಹೆಚ್ಚು ಕೊಡುತ್ತೇವೆ ಎಂದು ಬಂದರೆ ಕೊಡಬೇಡಿ. ಅದು ಮತ್ತೆ ಯಾರದೋ ಬಾಣಲೆಗೆ ಹೋಗುವ ಸಂಭವ ಉಂಟು.

ಹುಡುಗರಿಗೆ ಕಲಿಸಿದ್ದು ಹೇಗೆ?

ನಮ್ಮ ಊರಿನ ಹುಡುಗರು ಮೋರಿಗೆ ಬರುತ್ತಿದ್ದ ಕಾಲ ಹೋಯಿತು. ಈಗ ಬಿಹಾರ, ಒಡಿಶಾ, ನೇಪಾಳದ ಹುಡುಗರು. ಗೋಡೆಯ ಮೇಲೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬೋರ್ಡು ಬರೆದರೆ ಯಾರಿಗೆ? ನಾನು ಬೋರ್ಡು ತೆಗೆಸಿ, ಪ್ರತಿ ಡಬ್ಬಿಯ ಮೇಲೆ ವಸ್ತುವನ್ನೇ ಅಂಟಿಸಿದೆ. ಒಣ ಬುಟ್ಟಿಯ ಮೇಲೆ ಒಂದು ಸ್ಟ್ರಾ, ಒಂದು ಹಾಲಿನ ಪಾಕೀಟು, ಒಂದು ಕೆಚಪ್ ಪ್ಯಾಕೆಟ್. ಇದಕ್ಕೆ ಓದು ಬರಹ ಬೇಡ.

ಎರಡನೆಯದಾಗಿ, ಹದಿನೈದು ದಿನ ರಶ್ಶಿನ ಹೊತ್ತಿನಲ್ಲಿ ಗಲ್ಲಾವನ್ನು ಮಗನಿಗೆ ಬಿಟ್ಟು ನಾನೇ ಮೋರಿಯ ಹತ್ತಿರ ನಿಂತೆ. ನಿಂತು ಬೈಯಲಿಲ್ಲ, ಪ್ಲೇಟು ಕೆರೆದೆ. ಮೂವತ್ತು ವರ್ಷದ ಹಿಂದಿನ ಕೆಲಸ ಕೈಗೆ ಮರೆತಿರಲಿಲ್ಲ. ಸೇಠ್ ಮಾಡುತ್ತಾರೆ ಎಂದಾಗ ಹುಡುಗರೂ ಮಾಡಿದರು. ನಾಲ್ಕನೇ ದಿನ, ಎಡಗಡೆಯ ಬುಟ್ಟಿ ತುಂಬಾ ತಗ್ಗಿನಲ್ಲಿದೆ, ಬಗ್ಗಬೇಕಾಗುತ್ತದೆ ಎಂದು ಒಬ್ಬ ಹುಡುಗ ಹೇಳಿದ. ಸ್ಟೂಲಿನ ಮೇಲೆ ಇಟ್ಟ ದಿನದಿಂದ ತಪ್ಪು ಅರ್ಧಕ್ಕಿಳಿಯಿತು. ನಾನು ಗಲ್ಲಾದಲ್ಲೇ ಕೂತಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಎಲ್ಲವೂ ಸರಿಹೋಯಿತು ಎಂದು ಸುಳ್ಳು ಹೇಳಲಾರೆ. ಭಾನುವಾರ ರಾತ್ರಿ ಇಂದಿಗೂ ಬುಟ್ಟಿ ತುಂಬಿ ಚೆಲ್ಲುತ್ತದೆ. ಹೊಸ ಹುಡುಗ ಬಂದರೆ ಮೊದಲ ವಾರ ಎಲ್ಲ ಒಂದಕ್ಕೇ ಹೋಗುತ್ತದೆ. ಆದರೆ ಒಂದು ವಿಷಯದಲ್ಲಿ ಮಾಫಿ ಇಲ್ಲ: ಗ್ಲಾಸು ಒಡೆದರೆ ಸಂಬಳದಲ್ಲಿ ಹಿಡಿಯುವುದಿಲ್ಲ, ಆದರೆ ಚೂರು ಪೆಟ್ಟಿಗೆಗೇ ಹೋಗಬೇಕು. ಮೊದಲು ನಾನು ಒಡೆದ ಗ್ಲಾಸಿಗೆ ಹಣ ಹಿಡಿಯುತ್ತಿದ್ದೆ. ಅದಕ್ಕೇ ಹುಡುಗರು ಚೂರನ್ನು ಎಂಜಲಿನ ನಡುವೆ ಅಡಗಿಸಿ ಹಾಕುತ್ತಿದ್ದದ್ದು. ಮಾವ್‌ಶಿಯ ಕೈ ಕೊಯ್ದದ್ದಕ್ಕೆ ನಿಜವಾದ ಕಾರಣ ನನ್ನ ಆ ನಿಯಮ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಲಾಭ ನಷ್ಟದ ಲೆಕ್ಕ

ಖರ್ಚಾದದ್ದು ಸ್ಟೀಲ್ ಟೇಬಲಿಗೆ ತೂತು ಕೊರೆಸಿದ್ದು, ಮೋರಿಗೆ ಜಾಲರಿ, ಆರು ಡಬ್ಬಿ, ಹುಡುಗರಿಗೆ ಗ್ಲೌಸು. ಉಳಿದದ್ದು ತಿಂಗಳು ತಿಂಗಳು ತರುತ್ತಿದ್ದ ಕಪ್ಪು ಚೀಲದ ಹಣ, ಮೋರಿ ಕಟ್ಟಿಕೊಂಡಾಗ ಕರೆಸುತ್ತಿದ್ದ ಪ್ಲಂಬರಿನ ಹಣ, ಚಟ್ನಿಯ ಉಳಿತಾಯ. ಹಿಂದಿನ ಗೇಟಿನಲ್ಲಿ ಹೆಗ್ಗಣದ ಓಡಾಟವೂ ಕಡಿಮೆಯಾಗಿದೆ. ರಾತ್ರಿ ಕಸ ಬಿಡಿಸಲು ಕೂರುತ್ತಿದ್ದ ಹುಡುಗ ಅರ್ಧ ಗಂಟೆ ಮೊದಲು ಮಲಗುತ್ತಾನೆ.

ಒಂದು ಪ್ರಶ್ನೆ ಬರುತ್ತದೆ. ಶುದ್ಧವಾದ ಒಣ ಕಸಕ್ಕೆ ಬೆಲೆ ಇದ್ದರೆ ನಾವೇ ಮಾರಬಾರದೇ? ರಟ್ಟು ಮತ್ತು ಎಣ್ಣೆ ಟಿನ್ನನ್ನು ನಮ್ಮ ಹುಡುಗರು ಮೊದಲಿನಿಂದಲೂ ಮಾರಿ ಹಣ ಹಂಚಿಕೊಳ್ಳುತ್ತಾರೆ, ಅದನ್ನು ತಪ್ಪಿಸಲಿಲ್ಲ. ಹಾಲಿನ ಪಾಕೀಟು, ಬಾಟಲಿ, ಇತರ ಪ್ಲಾಸ್ಟಿಕ್ ಎಲ್ಲ ಮಾವ್‌ಶಿಗೆ ಎಂದು ಮಾಡಿದ್ದೇನೆ. ಬೆಲೆಯುಳ್ಳದ್ದನ್ನೆಲ್ಲ ನಾವು ಮಾರಿಕೊಂಡು, ಬೆಲೆಯಿಲ್ಲದ ಪ್ಯಾಕೆಟನ್ನಷ್ಟೇ ಅವರ ತಲೆಗೆ ಕಟ್ಟುವುದು ನ್ಯಾಯವೆನಿಸಲಿಲ್ಲ.

ಇದೆಲ್ಲ ಮನೆಗೂ ಅನ್ವಯಿಸುತ್ತದೆ. “ಹೋಟೆಲಿನಲ್ಲಿ ದೊಡ್ಡ ಪಾಠ, ಮನೆಯಲ್ಲಿ ಬ್ಲೇಡು ಕಸದ ಬುಟ್ಟಿಗೆ” ಎಂದು ನನ್ನ ಮನೆಯಾಕೆ ಹೇಳಿದ ಮೇಲೆ ಮನೆಯಲ್ಲೂ ಸಿಂಕಿನ ಕೆಳಗೆ ಎರಡು ಡಬ್ಬಿ, ಬಾಲ್ಕನಿಯಲ್ಲಿ ಒಂದು ಪೆಟ್ಟಿಗೆ ಬಂದಿದೆ.

ಕೊನೆಯದಾಗಿ ಎರಡು ವಿನಂತಿ. ಮೊದಲನೆಯದು, ಪ್ರತಿಯೊಬ್ಬ ಬಂಧುಗಳೂ ಬರುವ ವಾರ ಏಳು ದಿನ ಕಸ ತೂಗಿ ಬರೆದಿಡಿ. ಎರಡನೆಯದು, ನಮ್ಮ ಸಂಘದ ಪದಾಧಿಕಾರಿಗಳು ಒಂದೇ ಗಲ್ಲಿಯ ಸಣ್ಣ ಹೋಟೆಲುಗಳನ್ನು ಸೇರಿಸಿ ಹಸಿ ಕಸಕ್ಕೆ ಒಂದು ನಿಗದಿತ ಸಮಯದ ಗಾಡಿ ಬರುವಂತೆ ಪಾಲಿಕೆಯಲ್ಲಿ ಮಾತಾಡಬೇಕು. ಇಪ್ಪತ್ತು ಸೀಟಿನವರಿಗೆ ಒಬ್ಬರೇ ಹೋಗಿ ಕೇಳುವ ಶಕ್ತಿ ಇರುವುದಿಲ್ಲ.

ಮಾವ್‌ಶಿ ಈಗಲೂ ಬರುತ್ತಾರೆ. ಅಂಗೈಯಲ್ಲಿ ಹೊಲಿಗೆಯ ಗುರುತು ಹಾಗೇ ಇದೆ. ಮೊದಲು ಚೀಲವನ್ನು ಕಾಲಿನಿಂದ ಒತ್ತಿ ನೋಡಿ ಆಮೇಲೆ ಎತ್ತುತ್ತಿದ್ದರು. ಈಗ ನಮ್ಮ ಗೇಟಿನಲ್ಲಿ ಹಾಗೆ ಒತ್ತಿ ನೋಡುವುದನ್ನು ಬಿಟ್ಟಿದ್ದಾರೆ. ಮುಂದಿನ ಹೋಟೆಲಿನ ಗೇಟಿನಲ್ಲಿ ಇನ್ನೂ ಬಿಟ್ಟಿಲ್ಲ.